ಭಾರ ಎಲ್ಲಿ ಬೀಳುತ್ತದೆ? ಸ್ಪ್ಯಾನಿಷ್ ಪದ ಒಡೆಯುವ ಬಗೆ

ಪ್ರಶ್ನೆ: ಸ್ಪ್ಯಾನಿಷ್ ಕಲಿಯಲು ಶುರು ಮಾಡಿ ಎಂಟು ತಿಂಗಳಾಯಿತು. ಓದುವುದು ಹೇಗೋ ನಡೆಯುತ್ತದೆ. ಬರೆಯುವಾಗ ಮಾತ್ರ ಸ್ವರಗಳ ಮೇಲಿನ ಗೆರೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಗೊತ್ತಾಗುವುದಿಲ್ಲ. ಪದವನ್ನು ಸಿಲಬಲ್‌ಗಳಾಗಿ ಒಡೆದು ನೋಡಿ ಎಂದು ಪುಸ್ತಕ ಹೇಳುತ್ತದೆ. ನಾನು ಒಡೆದದ್ದು ಅರ್ಧಕ್ಕರ್ಧ ತಪ್ಪು. ಮಾತಾಡುವಾಗ ಎಲ್ಲ ಪದಕ್ಕೂ ಮೊದಲಲ್ಲೇ ಒತ್ತು ಕೊಡುತ್ತೀರಿ ಎಂದು ಟೀಚರ್ ತಿದ್ದುತ್ತಾರೆ. ಇದಕ್ಕೊಂದು ಕ್ರಮ ಇದೆಯೇ ಅಥವಾ ಬಾಯಿಪಾಠವೇ ಗತಿಯೇ?

ಉತ್ತರ: ಬಾಯಿಪಾಠ ಬೇಡ. ಸ್ಪ್ಯಾನಿಷ್ ಬರಹದಲ್ಲಿ ಆ ಗೆರೆ ಇರುವುದೇ ದೂರು ಹೇಳಲಿಕ್ಕೆ: ‘ಈ ಪದ ಮಾಮೂಲಿನಂತೆ ನಡೆಯುತ್ತಿಲ್ಲ, ಒತ್ತು ಇಲ್ಲಿದೆ ನೋಡಿ’. ಮಾಮೂಲು ಯಾವುದೆಂದು ತಿಳಿದರೆ ದೂರು ಎಲ್ಲಿ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಆದರೆ ಆ ಮಾಮೂಲನ್ನು ಪದದ ಕೊನೆಯಿಂದ ಎಣಿಸಿ ನೋಡಬೇಕು. ಎಣಿಸಬೇಕಾದರೆ ತುಂಡುಗಳು ಸರಿಯಿರಬೇಕು. ನಿಮ್ಮ ತೊಂದರೆ ಗೆರೆಯಲ್ಲಿಲ್ಲ, ಒಡೆಯುವುದರಲ್ಲಿದೆ. ಮತ್ತು ಅದಕ್ಕೆ ಅರ್ಧ ಕಾರಣ ಕನ್ನಡ ಲಿಪಿ.

ಮೊದಲು ಮಾತು ಹೊಂದಿಸಿಕೊಳ್ಳೋಣ. ಸಿಲಬಲ್‌ಗೆ ಇಲ್ಲಿ ‘ತುಂಡು’ ಎನ್ನುತ್ತೇನೆ. ‘ಒತ್ತು’ ಎಂದರೆ ನಮ್ಮಲ್ಲಿ ಒತ್ತಕ್ಷರವೂ ಹೌದಾದ್ದರಿಂದ, ಸ್ಟ್ರೆಸ್‌ಗೆ ‘ಭಾರ’ ಎನ್ನುತ್ತೇನೆ. ಸ್ವರದ ಮೇಲಿನ ಓರೆಗೆರೆಗೆ ಸ್ಪ್ಯಾನಿಷ್‌ನಲ್ಲಿ ತಿಲ್ದೆ ಎಂದು ಹೆಸರು. ಇಂಗ್ಲಿಷಿನವರು ಟಿಲ್ಡೆ ಎನ್ನುವ ಅಲೆಗೆರೆಯೇ ಬೇರೆ. ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರದಂತೆ ಬರೆದು, ಭಾರ ಬೀಳುವ ತುಂಡಿಗೆ ಮಾತ್ರ ದೀರ್ಘ ಕೊಟ್ಟಿದ್ದೇನೆ: ‘ಕಾ-ಸ’ ಎಂದರೆ ಮನೆ, ಭಾರ ಮೊದಲ ತುಂಡಿನಲ್ಲಿ. ಈ ದೀರ್ಘ ಒಂದು ಗುರುತು ಅಷ್ಟೇ. ಸ್ಪ್ಯಾನಿಷ್‌ನಲ್ಲಿ ಕನ್ನಡದ ಹಾಗೆ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗುವುದಿಲ್ಲ, ಎರಡು ಮಾತ್ರೆ ಎಳೆಯಬೇಡಿ. ಧ್ವನಿ ಸ್ವಲ್ಪ ಏರಿಸಿ, ಗಟ್ಟಿಯಾಗಿ ಹೇಳಿದರೆ ಸಾಕು.

ಈಗ ಒಡೆಯುವುದು. ‘ಪುಸ್ತಕ’ ಎಂಬುದನ್ನು ನಾವು ಬರೆಯುವುದು ಪು, ಸ್ತ, ಕ ಎಂದು. ಆದರೆ ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ ನೆನಪಿದ್ದರೆ, ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಕಲಿತಿರುತ್ತೀರಿ. ಯಾಕೆ? ಬಾಯಿ ಒಡೆಯುವುದು ಪುಸ್-ತ-ಕ ಎಂದು. ಆ ‘ಸ್’ ಹಿಂದಿನದರ ತಲೆಗೆ ಬರುತ್ತದೆ. ಸ್ಪ್ಯಾನಿಷ್ ಕೂಡ ಹಾಗೇ: ಪಾಸ್-ತ, ಆರ್-ತೆ, ಕನ್-ತಾರ್. ಕಣ್ಣಿಗೆ ಕಾಣುವ ಕನ್ನಡ ಅಕ್ಷರವನ್ನು ನಂಬಿ ‘ಪಾ-ಸ್ತ’ ಎಂದು ಒಡೆದರೆ ತಪ್ಪು, ಛಂದಸ್ಸಿನ ಕಿವಿಯನ್ನು ನಂಬಿದರೆ ಸರಿ.

ಛಂದಸ್ಸಿನ ಕಿವಿಯೂ ಮೋಸ ಹೋಗುವ ಜಾಗವೊಂದಿದೆ. ಪ, ಬ, ಕ, ಗ, ಫ ಇವುಗಳ ಕೆಳಗೆ ರ ಅಥವಾ ಲ ಒತ್ತು ಬಂದರೆ, ತ ಮತ್ತು ದ ಕೆಳಗೆ ರ ಒತ್ತು ಬಂದರೆ, ಆ ಜೋಡಿಯನ್ನು ಸ್ಪ್ಯಾನಿಷ್ ಒಡೆಯುವುದಿಲ್ಲ. ಇಡಿಯಾಗಿ ಮುಂದಿನ ತುಂಡಿಗೆ ಕೊಡುತ್ತದೆ. ಪುಸ್ತಕಕ್ಕೆ ಲೀ-ಬ್ರೊ, ಮಾತಿಗೆ ಪ-ಲಾ-ಬ್ರ, ಮಾತಾಡುವುದಕ್ಕೆ ಅ-ಬ್ಲಾರ್. ಬೇರೆ ವ್ಯಂಜನದ ಕೆಳಗೆ ರ, ಲ ಬಂದರೆ ಮತ್ತೆ ಒಡೆಯಬೇಕು: ದ್ವೀಪ ಈಸ್-ಲ, ಮುತ್ತು ಪೇರ್-ಲ, ಗೌರವ ಓನ್-ರ್ರ. ತ ಕೆಳಗೆ ಲ ಬಂದಾಗ ಊರಿಗೊಂದು ರೀತಿ. ಅಟ್ಲಾಂಟಿಕ್ ಸಾಗರದ ಹೆಸರನ್ನು ಸ್ಪೇನಿನ ಹೆಚ್ಚಿನ ಕಡೆ ಅತ್-ಲಾನ್-ತಿ-ಕೊ ಎನ್ನುತ್ತಾರೆ, ಮೆಕ್ಸಿಕೊದಲ್ಲಿ ಅ-ತ್ಲಾನ್-ತಿ-ಕೊ. ಎರಡೂ ಸರಿ, ಭಾರದ ಜಾಗ ಬದಲಾಗುವುದಿಲ್ಲ.

ಮೂರು ನಾಲ್ಕು ವ್ಯಂಜನ ಗುಂಪಾಗಿ ಬಂದರೂ ಇದೇ ಸೂತ್ರ ಸಾಕು: ಮುಂದಿನ ತುಂಡು ಒಂದೇ ವ್ಯಂಜನದಿಂದ, ಇಲ್ಲವೇ ಮೇಲೆ ಹೇಳಿದ ಒಡೆಯದ ಜೋಡಿಯಿಂದ ಶುರುವಾಗಬೇಕು, ಉಳಿದದ್ದೆಲ್ಲ ಹಿಂದಕ್ಕೆ. ಇಂಗ್ಲಿಷ್ ಭಾಷೆಗೆ ಇನ್-ಗ್ಲೇಸ್, ಕ್ಷಣಕ್ಕೆ ಇನ್ಸ್-ತಾನ್-ತೆ, ನಕಲು ಬರೆಯುವುದಕ್ಕೆ ತ್ರನ್ಸ್-ಕ್ರಿ-ಬೀರ್. ‘ಸ್’ ಜೊತೆಗೆ ಇನ್ನೊಂದು ವ್ಯಂಜನ ಸೇರಿ ತುಂಡು ಶುರುವಾಗುವುದು ಈ ಭಾಷೆಗೆ ಆಗಿಬರುವುದಿಲ್ಲ. ಅದಕ್ಕೇ ಶಾಲೆ ಎಸ್-ಕ್ವೇ-ಲ. ನಮ್ಮ ಹಳ್ಳಿಗಳಲ್ಲಿ ಸ್ಕೂಲು ‘ಇಸ್ಕೂಲು’ ಆದದ್ದು ಇದೇ ಜಾಡಿನಲ್ಲಿ; ಪೇಟೆಯವರು ನಕ್ಕರೂ ಸ್ಪ್ಯಾನಿಷ್ ಕಲಿಯಲು ಆ ನಾಲಿಗೆಯೇ ಚೆನ್ನು.

ಲಿಪಿ ಮಾಡುವ ಇನ್ನೆರಡು ಮೋಸ ಹೇಳಿ ಮುಂದೆ ಹೋಗುತ್ತೇನೆ. ಜೋಡಿ ಆರ್ ಬರೆದಿದ್ದರೆ ಅದು ಒಂದೇ ಗಡುಸು ಧ್ವನಿ, ಒಡೆಯಬಾರದು: ನಾಯಿ ಪೇ-ರ್ರೊ. ಹಳಗನ್ನಡದ ಱ ಬಳಕೆಯಲ್ಲಿ ಉಳಿದಿದ್ದರೆ ಪೇ-ಱೊ ಎಂದು ಅಚ್ಚುಕಟ್ಟಾಗಿ ಬರೆಯಬಹುದಿತ್ತು. ಹಾಗೆಯೇ ಅಲೆಗೆರೆಯ ಎನ್ ಒಂದೇ ಅಕ್ಷರ. ಅದನ್ನು ‘ನ್ಯ’ ಎಂದು ಬರೆದುಕೊಂಡರೆ ಎಸ್-ಪನ್-ಯೋಲ್ ಎಂದು ಒಡೆಯುವ ಆಸೆಯಾಗುತ್ತದೆ. ಕೆಲಸವಿಲ್ಲದೆ ಕೂತಿರುವ ನಮ್ಮ ಞ ಇಲ್ಲಿ ಸರಿಯಾಗಿ ಒದಗುತ್ತದೆ: ಎಸ್-ಪ-ಞೋಲ್.

ವ್ಯಂಜನದ ಕಥೆ ಇಷ್ಟೇ. ನಿಜವಾಗಿ ಜನ ಎಡವುವುದು ಎರಡು ಸ್ವರ ಅಕ್ಕಪಕ್ಕ ಬಂದಾಗ. ಸ್ಪ್ಯಾನಿಷ್ ಸ್ವರಗಳಲ್ಲಿ ಅ, ಎ, ಒ ಗಟ್ಟಿ. ಇ, ಉ ಮೆದು. ಎರಡು ಗಟ್ಟಿ ಸ್ವರ ಎದುರಾದರೆ ಎರಡು ತುಂಡು: ಕವಿ ಪೊ-ಏ-ತ, ರಂಗಮಂದಿರ ತೆ-ಆ-ತ್ರೊ, ಓದುವುದು ಲೆ-ಏರ್, ಮ್ಯೂಸಿಯಂ ಮು-ಸೇ-ಒ. ಇಲ್ಲಿ ಕನ್ನಡದ ಸಂಧಿ ಅಡ್ಡ ಬರುತ್ತದೆ. ಎರಡು ಸ್ವರ ಎದುರಾದರೆ ನಡುವೆ ಯಕಾರವನ್ನೋ ವಕಾರವನ್ನೋ ತಂದು ಕೂರಿಸುವುದು ನಮಗೆ ಹುಟ್ಟಿನಿಂದ ಬಂದದ್ದು. ಮನೆಯನ್ನು, ಗುರುವನ್ನು ಎನ್ನುವವರಿಗೆ ತೆಯಾತ್ರೊ, ಪೊವೇತ ಎಂದು ಬಾಯಿಗೆ ಬರುವುದು ಸಹಜ. ಆಗಮ ಸಂಧಿಯನ್ನು ಈ ಭಾಷೆಯ ಮಟ್ಟಿಗೆ ಬಾಗಿಲ ಹೊರಗೆ ನಿಲ್ಲಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಬಾಯಿ ಮುಚ್ಚದೆ ಜಾರಿ.

ಗಟ್ಟಿಯದರ ಜೊತೆ ಮೆದು ಸ್ವರ ಸೇರಿ, ಭಾರ ಮೆದುವಿನ ಮೇಲೆ ಇಲ್ಲದಿದ್ದರೆ ಎರಡೂ ಸೇರಿ ಒಂದೇ ತುಂಡು. ಮೆದು ಸ್ವರ ಗಟ್ಟಿಯದರ ನಂತರ ಬಂದರೆ ನಮ್ಮ ಐ, ಔ ಇದ್ದ ಹಾಗೆ: ನೃತ್ಯ ಬೈ-ಲೆ, ಕಾರು ಔ-ತೊ. ಗಟ್ಟಿಯದಕ್ಕಿಂತ ಮೊದಲು ಬಂದರೆ ಯ, ವ ಒತ್ತು ಇದ್ದ ಹಾಗೆ: ಬಾಗಿಲು ಪ್ವೇರ್-ತ, ನೆಲ ತ್ಯೇ-ರ್ರ, ಕುಟುಂಬ ಫ-ಮೀ-ಲ್ಯ. ಎರಡೂ ಮೆದು ಸ್ವರಗಳೇ ಆಗಿ, ಬೇರೆ ಬೇರೆಯಾಗಿದ್ದರೂ ಒಂದೇ ತುಂಡು: ನಗರ ಸ್ಯು-ದಾದ್, ವಿಧವೆ ಬ್ಯೂ-ದ. ಕನ್ನಡದಲ್ಲಿ ಕಲಿಯುವವರಿಗೆ ಈ ಒತ್ತಕ್ಷರ ಬಹಳ ಉಪಕಾರಿ. ಯ-ಒತ್ತು, ವ-ಒತ್ತು ಹಾಕಿ ಬರೆದಾಗ ಉಚ್ಚಾರ ಸರಿಬಂದರೆ ಅದು ಒಂದು ತುಂಡು, ಆ ಒತ್ತು ಮುಂದಿನ ತುಂಡಿಗೇ ಸೇರಬೇಕು, ಒಡೆಯಬಾರದು.

ಭಾರ ಮೆದು ಸ್ವರದ ಮೇಲೆಯೇ ಬಿದ್ದರೆ ಜೋಡಿ ಒಡೆಯುತ್ತದೆ, ಮತ್ತು ಒಡೆದಿದೆ ಎಂದು ತೋರಿಸಲು ಮೆದು ಸ್ವರಕ್ಕೆ ಗೆರೆ ಕಡ್ಡಾಯ, ಪದ ಯಾವ ಅಕ್ಷರದಲ್ಲಿ ಮುಗಿದರೂ ಸರಿ. ದಿನ ದೀ-ಅ, ದೇಶ ಪ-ಈಸ್, ಕೇಳಿಸಿಕೊಳ್ಳುವುದು ಒ-ಈರ್, ಪೆಟ್ಟಿಗೆ ಬ-ಊಲ್. ಎಲ್ಲದಕ್ಕೂ ಗೆರೆ. ಗೆರೆ ಬಿಟ್ಟರೆ ಏನಾಗುತ್ತದೆ ನೋಡಿ: ಗೆರೆಯಿಲ್ಲದ ಸಾ-ಬ್ಯ ಎಂದರೆ ಜ್ಞಾನಿಯಾದ ಹೆಂಗಸು, ಇ ಮೇಲೆ ಗೆರೆಯಿಟ್ಟ ಸ-ಬೀ-ಅ ಎಂದರೆ ‘ಗೊತ್ತಿತ್ತು’. ಆ-ಸ್ಯ ಎಂದರೆ ‘ಕಡೆಗೆ’, ಅ-ಸೀ-ಅ ಎಂದರೆ ‘ಮಾಡುತ್ತಿದ್ದ’. ಅಕ್ಷರಗಳು ಅವೇ, ಒಂದು ಗೆರೆಗೆ ತುಂಡು ಎರಡಿದ್ದದ್ದು ಮೂರಾಯಿತು.

ಅಂಗಡಿ ಹೆಸರುಗಳಲ್ಲಿ ಇದು ದಿನಾ ಕಾಣುತ್ತದೆ. ಬೇಕರಿ ಪ-ನ-ದೆ-ರೀ-ಅ, ಪುಸ್ತಕದಂಗಡಿ ಲಿ-ಬ್ರೆ-ರೀ-ಅ; ಹೀಗೆ ‘ಎರೀಅ’ ಎಂದು ಮುಗಿಯುವ ಅಂಗಡಿಗಳಿಗೆಲ್ಲ ಗೆರೆ ಬೇಕು. ಔಷಧಿ ಅಂಗಡಿ ಮಾತ್ರ ಫರ್-ಮಾ-ಸ್ಯ, ಗೆರೆಯಿಲ್ಲ. ಕಲಿಯುವವರು ಅದಕ್ಕೂ ಗೆರೆ ಎಳೆದು ‘ಫರ್ಮಸೀಅ’ ಮಾಡಿಬಿಡುತ್ತಾರೆ.

ಸ್ವರಗಳ ನಡುವೆ ಎಚ್ ಬರೆದಿದ್ದರೂ ಲೆಕ್ಕಕ್ಕಿಲ್ಲ, ಅದಕ್ಕೆ ಧ್ವನಿಯೇ ಇಲ್ಲ. ಗೂಬೆ ಬೂ-ಒ ಆಗುವುದೂ, ಉ ಮೇಲೆ ಗೆರೆ ಬೇಕಾಗುವುದೂ ಇದರಿಂದ. ಜಿ ಮತ್ತು ಕ್ಯೂ ನಂತರ, ಎ ಅಥವಾ ಇಗಿಂತ ಮೊದಲು ಬರುವ ಉ ಕೂಡ ಮೂಕ: ಗಿ-ತಾ-ರ್ರ, ಕೇ-ಸೊ. ಜಿ ನಂತರ ಅದು ಬಾಯಿ ಬಿಡಬೇಕಾದರೆ ತಲೆ ಮೇಲೆ ಎರಡು ಚುಕ್ಕಿ ಇಡುತ್ತಾರೆ: ಪಿನ್-ಗ್ವೀ-ನೊ.

ತುಂಡು ಸಿದ್ಧವಾಯಿತು. ಈಗ ಭಾರ. ಪದದ ಕೊನೆಯ ಅಕ್ಷರ ನೋಡಿ. ಸ್ವರ, ಎನ್ ಅಥವಾ ಎಸ್ ಆಗಿದ್ದರೆ ಭಾರ ಕೊನೆಯಿಂದ ಎರಡನೆಯ ತುಂಡಿಗೆ. ಬೇರೆ ಯಾವ ವ್ಯಂಜನವಾದರೂ ಕೊನೆಯ ತುಂಡಿಗೆ. ಕೊನೆಯ ವೈ ಸ್ವರದಂತೆ ಕೇಳಿಸಿದರೂ ಇಲ್ಲಿ ವ್ಯಂಜನದ ಲೆಕ್ಕ, ಹಾಗಾಗಿ ಉ-ರು-ಗ್ವಾಯ್‌ಗೆ ಗೆರೆಯಿಲ್ಲ. ಎನ್, ಎಸ್‌ಗಳಿಗೇ ಈ ರಿಯಾಯಿತಿ ಯಾಕೆಂದು ಬಹಳ ಮಂದಿ ಕೇಳುತ್ತಾರೆ. ನಾಮಪದದ ಬಹುವಚನಕ್ಕೆ ಎಸ್ ಸೇರುತ್ತದೆ, ಕ್ರಿಯಾಪದದ ಬಹುವಚನಕ್ಕೆ ಎನ್ ಸೇರುತ್ತದೆ. ಎರಡೂ ಭಾರವನ್ನು ಅಲುಗಿಸುವುದಿಲ್ಲ. ಕಾ-ಸ ಕಾ-ಸಸ್ ಆಗುತ್ತದೆ, ಕಾನ್-ತ (ಹಾಡುತ್ತಾನೆ) ಕಾನ್-ತನ್ ಆಗುತ್ತದೆ. ರಿಯಾಯಿತಿ ಇಲ್ಲದಿದ್ದರೆ ಪ್ರತಿ ಬಹುವಚನಕ್ಕೂ ಗೆರೆ ಹಾಕುತ್ತಾ ಕೂರಬೇಕಿತ್ತು.

ಕಿವಿಗೆ ಕೇಳುವ ಭಾರ ಈ ಲೆಕ್ಕಕ್ಕೆ ಹೊಂದಿದರೆ ಗೆರೆ ಬೇಡ. ಹೊಂದದಿದ್ದರೆ ಭಾರವಿರುವ ಸ್ವರದ ಮೇಲೆ ಗೆರೆ. ಕ-ಫೇ ಸ್ವರದಲ್ಲಿ ಮುಗಿದರೂ ಭಾರ ಕೊನೆಯಲ್ಲಿ, ಆದ್ದರಿಂದ ಗೆರೆ. ಆರ್-ಬೊಲ್ (ಮರ) ಎಲ್‌ನಲ್ಲಿ ಮುಗಿದರೂ ಭಾರ ಹಿಂದೆ, ಆದ್ದರಿಂದ ಗೆರೆ. ಕೊನೆಯಿಂದ ಮೂರನೆಯದಕ್ಕೋ ಅದಕ್ಕೂ ಹಿಂದಕ್ಕೋ ಭಾರ ಬಿದ್ದರೆ ಮಾಮೂಲಿನಲ್ಲಿ ಅದಕ್ಕೆ ಜಾಗವೇ ಇಲ್ಲ, ಆದ್ದರಿಂದ ಯಾವಾಗಲೂ ಗೆರೆ: ಮೂ-ಸಿ-ಕ, ತೆ-ಲೇ-ಫೊ-ನೊ, ಮೇ-ಹಿ-ಕೊ. ಭಾರ ಕೊನೆಯ ತುಂಡಿಗೆ ಬಿದ್ದರೆ ಅ-ಗೂ-ದ, ಕೊನೆಯಿಂದ ಎರಡನೆಯದಕ್ಕೆ ಬಿದ್ದರೆ ಯಾ-ನ, ಮೂರನೆಯದಕ್ಕೆ ಬಿದ್ದರೆ ಎಸ್-ದ್ರೂ-ಹು-ಲ ಎಂದು ಪುಸ್ತಕಗಳು ಹೆಸರಿಟ್ಟಿವೆ. ಎಸ್ದ್ರೂಹುಲ ಎಂಬ ಹೆಸರು ತಾನೇ ಎಸ್ದ್ರೂಹುಲ, ಯಾನ ತಾನೇ ಯಾನ. ಅಗೂದ ಮಾತ್ರ ಅಗೂದ ಅಲ್ಲ, ಅದೂ ಯಾನವೇ.

ಮೊದಲಲ್ಲೇ ಭಾರ ಹಾಕುತ್ತೀರಿ ಎಂದು ನಿಮ್ಮ ಟೀಚರ್ ಹೇಳಿದ್ದಕ್ಕೆ ಕಾರಣ, ಕನ್ನಡದಲ್ಲಿ ಭಾರದ ಜಾಗ ಬದಲಾಯಿಸಿ ಅರ್ಥ ಬದಲಾಯಿಸುವ ಪದ್ಧತಿಯೇ ಇಲ್ಲ. ಬಾಯಿ ಸಹಜವಾಗಿ ಪದದ ಶುರುವಿಗೆ ಒರಗುತ್ತದೆ. ಇಂಗ್ಲಿಷ್ ಮೂಲಕ ಮೊದಲೇ ಪರಿಚಯವಿರುವ ಪದಗಳಲ್ಲಿ ಇದು ಎದ್ದು ಕೇಳಿಸುತ್ತದೆ. ನಮ್ಮ ಹೋಟೆಲ್ ಅಲ್ಲಿ ಒ-ತೇಲ್, ಡಾಕ್ಟರ್ ದೊಕ್-ತೋರ್, ಆಸ್ಪತ್ರೆ ಒಸ್-ಪಿ-ತಾಲ್, ಕಲರ್ ಕೊ-ಲೋರ್. ಎಲ್ಲವೂ ಎಲ್ ಅಥವಾ ಆರ್‌ನಲ್ಲಿ ಮುಗಿಯುತ್ತವೆ, ಭಾರ ಕೊನೆಗೆ, ಗೆರೆಯಿಲ್ಲ. ಇಂಥ ಇಪ್ಪತ್ತು ಪದ ಪಟ್ಟಿ ಮಾಡಿಕೊಂಡು ಕೊನೆಯ ತುಂಡಿಗೆ ಮೇಜು ತಟ್ಟುತ್ತಾ ಹೇಳಿ. ನಾಚಿಕೆಯಾದರೆ ಬಾಗಿಲು ಹಾಕಿಕೊಳ್ಳಿ, ಆದರೆ ತಟ್ಟಿ.

ಹೆಸರುಗಳಲ್ಲೂ ಕೈ ಪಳಗಿಸಬಹುದು. ಝೆಡ್‌ನಲ್ಲಿ ಮುಗಿಯುವ ಮಾರ್-ಕೆಸ್, ಪೇ-ರೆಸ್, ರೊ-ದ್ರೀ-ಗೆಸ್ ಮುಂತಾದ ಮನೆತನದ ಹೆಸರುಗಳಿಗೆ ಗೆರೆಯಿದೆ, ಯಾಕೆಂದರೆ ಭಾರ ಕೊನೆಯಿಂದ ಎರಡನೆಯದಕ್ಕೆ. ಟೆನಿಸ್ ಆಟಗಾರ ಅಲ್ಕರಾಜ್ ಹೆಸರೂ ಝೆಡ್‌ನಲ್ಲೇ ಮುಗಿಯುತ್ತದೆ, ಗೆರೆಯಿಲ್ಲ: ಅಲ್-ಕ-ರಾಸ್. ಕನ್ನಡದಲ್ಲಿ ಬರೆಯುವಾಗ ‘ರಾ’ಕ್ಕೆ ಕೊಟ್ಟ ದೀರ್ಘ ಸರಿಯಾದ ಜಾಗದಲ್ಲೇ ಕೂತಿದೆ.

ಗೆರೆಯ ಬೆಲೆ ತಿಳಿಯಲು ಈ ಮೂರನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ತೇರ್-ಮಿ-ನೊ ಎಂದರೆ ಅವಧಿ ಅಥವಾ ಪಾರಿಭಾಷಿಕ ಪದ; ಎ ಮೇಲೆ ಗೆರೆ. ತೆರ್-ಮೀ-ನೊ ಎಂದರೆ ‘ಮುಗಿಸುತ್ತೇನೆ’. ಸ್ವರದಲ್ಲಿ ಮುಗಿದು ಭಾರ ಮಾಮೂಲು ಜಾಗದಲ್ಲಿ, ಗೆರೆಯಿಲ್ಲ. ತೆರ್-ಮಿ-ನೋ ಎಂದರೆ ‘ಮುಗಿಸಿದ’. ಒ ಮೇಲೆ ಗೆರೆ. ಇನ್ನೂ ಸೂಕ್ಷ್ಮದ್ದು ಬೇಕಾದರೆ: ಕೊನ್-ತೀ-ನ್ವೊ (ನಿರಂತರ) ಗೆರೆಯಿಲ್ಲದ್ದು, ಕೊನ್-ತಿ-ನೂ-ಒ (ಮುಂದುವರಿಸುತ್ತೇನೆ) ಉ ಮೇಲೆ ಗೆರೆಯದು, ಕೊನ್-ತಿ-ನ್ವೋ (ಮುಂದುವರಿಸಿದ) ಒ ಮೇಲೆ ಗೆರೆಯದು. ಮೊದಲನೆಯದಕ್ಕೂ ಮೂರನೆಯದಕ್ಕೂ ಮೂರೇ ತುಂಡು, ನಡುವಿನದಕ್ಕೆ ನಾಲ್ಕು. ಈ ಆರು ಪದ ತಡವರಿಸದೆ ಬಂದರೆ ಅರ್ಧ ವ್ಯಾಕರಣ ಗೆದ್ದಂತೆ.

ಕ್ರಿಯಾಪದಗಳಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ‘ಮಾತಾಡಿದ’ ಅ-ಬ್ಲೋ, ‘ತಿಂದ’ ಕೊ-ಮ್ಯೋ; ಇವಕ್ಕೆ ಗೆರೆ ಹಾಕಿ ರೂಢಿಯಾದ ಕೈ, ಈ-ಸೊ (ಮಾಡಿದ), ದೀ-ಹೊ (ಹೇಳಿದ), ತೂ-ಬೊ (ಅವನ ಬಳಿ ಇತ್ತು) ಇವುಗಳ ಕೊನೆಗೂ ಗೆರೆ ಎಳೆಯುತ್ತದೆ. ಈ ಅನಿಯತ ರೂಪಗಳಲ್ಲಿ ಭಾರ ಹಿಂದಿನ ತುಂಡಿಗಿದೆ, ಗೆರೆ ಬೇಡ. ಬ್ಯೋ ಎಂಬಂತೆ ಕೇಳುವ ‘ನೋಡಿದ’, ದ್ಯೋ ಎಂಬ ‘ಕೊಟ್ಟ’ ಒಂದೇ ತುಂಡಿನವು, ಅವಕ್ಕೂ ಬೇಡ.

ಪದಕ್ಕೆ ಬಾಲ ಬೆಳೆದರೆ ಮತ್ತೆ ಎಣಿಸಬೇಕು. ಭಾರ ಇದ್ದಲ್ಲೇ ಇರುತ್ತದೆ, ಕೊನೆಯಿಂದ ಅದರ ದೂರ ಬದಲಾಗುತ್ತದೆ. ಹಾಡು ಕನ್-ಸ್ಯೋನ್‌ಗೆ ಗೆರೆ, ಹಾಡುಗಳು ಕನ್-ಸ್ಯೋ-ನೆಸ್‌ಗೆ ಬೇಡ. ತದ್ವಿರುದ್ಧವಾಗಿ ಯುವಕ ಹೋ-ಬೆನ್‌ಗೆ ಬೇಡ, ಯುವಕರು ಹೋ-ಬೆ-ನೆಸ್‌ಗೆ ಬೇಕು. ‘ಕೊಂಡುಕೋ’ ಕೋಂ-ಪ್ರಕ್ಕೆ ಬೇಡ, ‘ಅದನ್ನು ಕೊಂಡುಕೋ’ ಕೋಂ-ಪ್ರ-ಲೊಗೆ ಬೇಕು. ಭಾರವೇ ಜಾಗ ಬಿಟ್ಟು ಸರಿಯುವ ಬಹುವಚನಗಳು ಬೆರಳೆಣಿಕೆಯಷ್ಟು: ಕ-ರಾಕ್-ತೆರ್ ಕ-ರಕ್-ತೇ-ರೆಸ್ ಆಗುತ್ತದೆ, ರೇ-ಹಿ-ಮೆನ್ ರೆ-ಹೀ-ಮೆ-ನೆಸ್ ಆಗುತ್ತದೆ. ‘ಮೆಂತೆ’ ಸೇರಿಸಿ ಕ್ರಿಯಾವಿಶೇಷಣ ಮಾಡಿದಾಗ ಮಾತ್ರ ಹೊಸದಾಗಿ ಎಣಿಸಬೇಡಿ; ಮೂಲ ವಿಶೇಷಣಕ್ಕೆ ಗೆರೆ ಇದ್ದರೆ ಉಳಿಸಿ, ಇಲ್ಲದಿದ್ದರೆ ಬಿಡಿ.

ಒಂದೇ ತುಂಡಿನ ಪದಗಳಿಗೆ ಸಾಮಾನ್ಯವಾಗಿ ಗೆರೆಯಿಲ್ಲ. ಒಂದೇ ಕಾಗುಣಿತದ ಎರಡು ಪದಗಳನ್ನು ಬೇರೆ ಮಾಡಲು ಕೆಲವಕ್ಕೆ ಮಾತ್ರ ಇದೆ: ‘ನೀನು’ ಎಂಬ ತುಗೆ ಗೆರೆ, ‘ನಿನ್ನ’ ಎಂಬ ತುಗೆ ಇಲ್ಲ, ‘ಹೌದು’ ಎಂಬ ಸಿಗೆ ಗೆರೆ, ‘ಆದರೆ-ಹೋದರೆ’ಯ ಷರತ್ತಿನ ಸಿಗೆ ಇಲ್ಲ, ಕುಡಿಯುವ ಟೀಗೆ ಗೆರೆ, ‘ನಿನಗೆ’ ಎಂಬ ತೆಗೆ ಇಲ್ಲ. ಇವನ್ನು ನೋಡಿ, ‘ನಿನಗಾಗಿ’ ಎನ್ನುವಲ್ಲಿ ಬರುವ ‘ತಿ’ಗೂ ಗೆರೆ ಹಾಕುವವರಿದ್ದಾರೆ. ಅದಕ್ಕೆ ಜೊತೆಯ ಪದವೇ ಇಲ್ಲ, ಗೆರೆ ಯಾಕೆ? ಪ್ರಶ್ನೆ ಕೇಳುವ ಪದಗಳಿಗೆ, ಏನು, ಯಾರು, ಎಲ್ಲಿ, ಯಾವಾಗ, ಹೇಗೆ ಎಂಬವಕ್ಕೆ ಪ್ರಶ್ನಾರ್ಥದಲ್ಲಿ ಗೆರೆ ಬೇಕು, ಪ್ರಶ್ನೆ ವಾಕ್ಯದೊಳಗೆ ಅಡಗಿದ್ದರೂ ಬೇಕು.

ಹಳೆಯ ಪುಸ್ತಕ, ಹೊಸ ಪುಸ್ತಕ ಬೇರೆ ಬೇರೆ ಹೇಳುತ್ತವೆಂದು ಗಾಬರಿಯಾಗಬೇಡಿ. ಸ್ಪ್ಯಾನಿಷ್ ಅಕಾಡೆಮಿಗಳು ಸೇರಿ 2010ರಲ್ಲಿ ಹೊರತಂದ ಕಾಗುಣಿತದ ಗ್ರಂಥ ಗ್ಯೋನ್ (ಅಡ್ಡಗೆರೆ, ಚಿತ್ರಕಥೆ) ಎಂಬುದನ್ನು ಬರಹದ ಲೆಕ್ಕಕ್ಕೆ ಒಂದೇ ತುಂಡೆಂದು ತೀರ್ಮಾನಿಸಿ ಗೆರೆ ತೆಗೆಯಿತು. ಅದನ್ನು ಎರಡು ತುಂಡಾಗಿ ಹೇಳುವವರು ಇಂದಿಗೂ ಇದ್ದಾರೆ. ‘ಮಾತ್ರ’ ಎಂಬರ್ಥದ ಸೋ-ಲೊ ಪದಕ್ಕೂ ಗೆರೆ ಬೇಡ ಎಂದಿತು. ಅದರ ಜಗಳ ತಣ್ಣಗಾಗಲಿಲ್ಲ. ಅರ್ಥ ಗೊಂದಲವಾಗುತ್ತದೆ ಎಂದು ಬರೆಯುವವರಿಗೆ ಅನಿಸಿದರೆ ಹಾಕಬಹುದು ಎಂದು 2023ರಲ್ಲಿ ಸ್ಪೇನಿನ ಅಕಾಡೆಮಿ ಸ್ಪಷ್ಟಪಡಿಸಿತು. ಕಲಿಯುವವರು ಹಾಕದೆ ಇರುವುದೇ ಕ್ಷೇಮ. ಬೀ-ದೆ-ಒ ಸ್ಪೇನಿನದು, ಬಿ-ದೇ-ಒ ಅಮೆರಿಕದ್ದು. ಒಂದು ಊರು ಹಿಡಿದು ಅದಕ್ಕೇ ಅಂಟಿಕೊಳ್ಳಿ. ದೊಡ್ಡಕ್ಷರದಲ್ಲಿ ಬರೆದರೆ ಗೆರೆ ಬೇಡ ಎಂಬ ಮಾತು ಕಿವಿಗೆ ಬಿದ್ದಿದ್ದರೆ ಮರೆತುಬಿಡಿ, ಬೇಕು.

ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ನಿಯಮ ಸ್ವಲ್ಪ ಬಿಗಿ. ಒಂಟಿ ಸ್ವರವನ್ನು ಸಾಲಿನ ಕೊನೆಯಲ್ಲಿ ಬಿಡುವಂತಿಲ್ಲ. ಬೇರೆ ತುಂಡುಗಳೇ ಆಗಿದ್ದರೂ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಮುರಿಯುವಂತಿಲ್ಲ. ಪೊ-ಏ-ತ ಪದವನ್ನು ಪೊಏ-ತ ಎಂದೇ ಮುರಿಯಬೇಕು.

ಕೊನೆಗೆ ಒಂದು ವಾಕ್ಯ ಪೂರ್ತಿ ನೋಡೋಣ. ‘ಮಿ ತೀಅ ಮರೀಅ ತ್ರಬಹಾಬ ಎನ್ ಊನ ಪನದೆರೀಅ ದೆ ಮಾಲಗ, ತಂಬ್ಯೇನ್ ಲೊಸ್ ಸಾಬದೊಸ್.’ ನನ್ನ ಚಿಕ್ಕಮ್ಮ ಮರೀಅ ಮಾಲಗದ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು, ಶನಿವಾರವೂ. ತೀ-ಅ, ಮ-ರೀ-ಅ, ಪ-ನ-ದೆ-ರೀ-ಅ ಮೂರರಲ್ಲೂ ಮೆದು ಸ್ವರದ ಮೇಲೆ ಭಾರ, ಜೋಡಿ ಒಡೆದಿದೆ, ಇ ಮೇಲೆ ಗೆರೆ. ತ್ರ-ಬ-ಹಾ-ಬ ಸ್ವರದಲ್ಲಿ ಮುಗಿದು ಮಾಮೂಲು ಭಾರ, ಗೆರೆಯಿಲ್ಲ, ಊ-ನ ಹಾಗೆಯೇ. ಮಾ-ಲ-ಗ ಮತ್ತು ಸಾ-ಬ-ದೊಸ್ ಕೊನೆಯಿಂದ ಮೂರನೆಯವು, ಕಣ್ಣುಮುಚ್ಚಿ ಗೆರೆ. ತಂ-ಬ್ಯೇನ್ ಎನ್‌ನಲ್ಲಿ ಮುಗಿದು ಭಾರ ಕೊನೆಗೆ, ಗೆರೆ; ಅದು ಬೀಳುವುದು ಗಟ್ಟಿ ಸ್ವರವಾದ ಎ ಮೇಲೆ, ಇ ಮೇಲಲ್ಲ. ಉಳಿದವು ಒಂಟಿ ತುಂಡುಗಳು.

ಮನೆಯಲ್ಲಿ ಹೀಗೆ ಮಾಡಿ: ಯಾವುದಾದರೂ ಸ್ಪ್ಯಾನಿಷ್ ಸುದ್ದಿಯ ನೂರು ಪದ ತೆಗೆದುಕೊಂಡು, ಗೆರೆಯಿರುವ ಪ್ರತಿ ಪದಕ್ಕೂ ಪಕ್ಕದಲ್ಲಿ ಕಾರಣ ಬರೆಯಿರಿ. ಕಾರಣ ನಾಲ್ಕೇ: ಕೊನೆಯ ಅಕ್ಷರದ ಲೆಕ್ಕ ತಪ್ಪಿದೆ, ಮೂರನೆಯದು ಅಥವಾ ಅದಕ್ಕೂ ಹಿಂದಿನದು, ಸ್ವರ ಜೋಡಿ ಒಡೆದಿದೆ, ಅರ್ಥಭೇದಕ್ಕೆ ಹಾಕಿದ್ದು. ನಾಲ್ಕರಲ್ಲಿ ಯಾವುದೂ ಹೊಂದುತ್ತಿಲ್ಲ ಎನಿಸಿದರೆ ನಿಯಮವನ್ನು ಬೈಯುವ ಮೊದಲು ತುಂಡುಗಳನ್ನು ಮತ್ತೊಮ್ಮೆ ಎಣಿಸಿ. ಎಲ್ಲೋ ಒಂದು ಯ-ಒತ್ತನ್ನು ಬಿಡಿಸಿ ಎರಡು ಮಾಡಿರುತ್ತೀರಿ.